ಎತ್ತು ಮಾರಬ್ಯಾಡೋ ತಮ್ಮಾ, ಕೌದಿ ಕಟ್ಟು!

ಈ ವಾರ ತಾರೆಯರ ಸುದ್ದಿ ಸ್ವಲ್ಪ ಬದಿಗಿರಲಿ. ಒಂದು ಪ್ರಶ್ನೆಯಿಂದ ಶುರು ಮಾಡೋಣ.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ತೆರೆ ಕಂಡದ್ದು 1934ರಲ್ಲಿ. ಅದು ತಯಾರಾದದ್ದೆಲ್ಲಿ ಬಲ್ಲಿರಾ? ಬೆಂಗಳೂರು ಅಂತೀರಾ? ಮೈಸೂರು ಅಂತೀರಾ? ಊಹೂಂ! ಕೊಲ್ಲಾಪುರದ ಛತ್ರಪತಿ ಸಿನಿಟೋನ್‌ನಲ್ಲಿ! ರಾವಣನ ಪಾತ್ರ ಮಾಡಿದ ಆರ್. ನಾಗೇಂದ್ರರಾಯರೇ ಸಂಗೀತದ ಹೊಣೆಯನ್ನೂ ಹೊತ್ತರು. ಕನ್ನಡದ ಹಾಡು ಹುಟ್ಟೋದಕ್ಕೆ ಪರನಾಡಿನ ಗೋಡೆ, ಪರನಾಡಿನ ಯಂತ್ರ ಬೇಕಾಯ್ತು. ಆಮೇಲೆ ಎಷ್ಟೋ ವರ್ಷ ಮದ್ರಾಸೇ ಗತಿ. ರೈಲು ಹತ್ತಿ ಹೋಗಿ ಹಾಡು ಕಟ್ಟಿಸಿಕೊಂಡು ಬರೋದು. 1980ರ ದಶಕದಲ್ಲಿ ನಮ್ಮ ಶಂಕರ್ ನಾಗ್ ಬೆಂಗಳೂರಿನಲ್ಲೇ ಸಂಕೇತ್ ರೆಕಾರ್ಡಿಂಗ್ ಸ್ಟುಡಿಯೋ ಕಟ್ಟಿ, “ಇನ್ನೆಷ್ಟು ದಿನ ಮದ್ರಾಸಿನ ಬಾಗಿಲು ಕಾಯೋದು?” ಅನ್ನೋ ಪ್ರಶ್ನೆಗೆ ಉತ್ತರ ಕೊಟ್ಟರು.

ಕೊಲ್ಲಾಪುರ, ಮದ್ರಾಸು, ಬೆಂಗಳೂರು... ಈಗ ಎಲ್ಲಿಗೆ ಬಂತು ಅಂತೀರಿ? ಕೊಪ್ಪಳಕ್ಕೆ ಬಂತು! ಗಂಗಾವತಿಗೆ ಬಂತು! ಕುಷ್ಟಗಿ, ಯಲಬುರ್ಗಾದ ಮನೆಯ ಹಿಂದಿನ ಕೋಣೆಗೇ ಬಂತು! ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ ಒಂದು ಹೊಸ ಹಾಡು, ಹುಲಿಗಿಯ ಹುಲಿಗೆಮ್ಮನ ಮೇಲೆ ಒಂದು, ಅಂಜನಾದ್ರಿಯ ಹನುಮಪ್ಪನ ಮೇಲೆ ಇನ್ನೊಂದು. ಹುಡುಗರು ಮನೆಯಲ್ಲೇ ಕೂತು ಹಾಡು ಕಟ್ಟಿ ಯೂಟ್ಯೂಬಿಗೆ ಏರಿಸ್ತಿದ್ದಾರೆ. ಬೆಳಗಾವಿ ಕಡೆಯ ಮಾಳು ನಿಪನಾಳ ಹಾಡಿದ ‘ನಾ ಡ್ರೈವರ’ ಹಾಡು ಮದುವೆ ಮೆರವಣಿಗೆಯಿಂದ ಮೊಬೈಲಿನ ತನಕ ಎಲ್ಲೆಲ್ಲಿ ಹೊಕ್ಕಿತು ಅಂತ ನಾನು ನಿಮಗೆ ಹೇಳಬೇಕಾಗಿಲ್ಲ. ಅದನ್ನು ಕೇಳಿದ ಹುಡುಗರಿಗೆಲ್ಲ ಈಗ ಒಂದೇ ಕನಸು: ಒಂದು ಕಂಪ್ಯೂಟರು, ಒಂದು ಮೈಕು, ಒಂದು ಹಿಟ್ಟು!

ಹೀಗಾಗಿ ಹೋದ ಕಡೆಯೆಲ್ಲ ನನ್ನನ್ನು ಹಿಡಿದು ನಿಲ್ಲಿಸಿ ಪ್ರಶ್ನೆ ಕೇಳ್ತಾರೆ. ತಮಾಷೆ ಏನಪ್ಪಾ ಅಂದ್ರೆ ನಾಲ್ಕು ಊರಿನವರದ್ದು ನಾಲ್ಕು ಥರದ ಪ್ರಶ್ನೆ. ಯಲಬುರ್ಗಾದವರು ರೊಕ್ಕದ ಪ್ರಶ್ನೆ ಕೇಳಿದರು. ಕೊಪ್ಪಳದವರು ಕಂಪ್ಯೂಟರಿನ ಪ್ರಶ್ನೆ, ಕುಷ್ಟಗಿಯವರು ಕೋಣೆಯ ಪ್ರಶ್ನೆ, ಗಂಗಾವತಿಯವರು ಸಾಫ್ಟ್‌ವೇರಿನ ಪ್ರಶ್ನೆ. ಒಂದೊಂದಾಗಿ ನೋಡೋಣ ಬನ್ನಿ.

* * *

ಮೊದಲು ಯಲಬುರ್ಗಾ. ಒಬ್ಬ ಹುಡುಗ. ಭಜನಿ ಮ್ಯಾಳದಲ್ಲಿ ಪೇಟಿ ನುಡಿಸ್ತಾನೆ, ದನಿಯೂ ಚೆನ್ನಾಗಿದೆ. ಜೊತೆಗೆ ಅವನ ಅಪ್ಪ. ಹುಡುಗನ ಕೈಯಲ್ಲಿ ದೊಡ್ಡ ಪಟ್ಟಣದ ಅಂಗಡಿಯೊಂದರವರು ಬರೆದುಕೊಟ್ಟ ಎರಡು ಪುಟದ ಪಟ್ಟಿ.

“ಇಷ್ಟೆಲ್ಲಾ ಬೇಕಂತ್ರಿ ಸರ. ಅಪ್ಪ ಎತ್ತು ಮಾರಿ ಕೊಡ್ತೀನಿ ಅಂದಾನ್ರಿ.”

“ಎಷ್ಟು ಎತ್ತು ಅದಾವು?”

“ಒಂದು ಜೋಡಿ ಅಷ್ಟ ರೀ.”

ನಾನು ಅಪ್ಪನ ಮುಖ ನೋಡಿದೆ. ಆತ ರುಮಾಲು ಸರಿಮಾಡಿಕೊಳ್ಳುತ್ತ ಹೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ. “ನಮಗೇನ್ ತಿಳಿತೈತ್ರೀ ಸಾಹೇಬ್ರ. ಹುಡುಗ ಹಾಡ್ತಾನ, ಮಂದಿ ಚಲೋ ಅಂತಾರ. ಎತ್ತು ಮತ್ತ ತರಬಹುದು, ವಯಸ್ಸು ಮತ್ತ ಬರೂದಿಲ್ಲಲ್ರೀ.”

ಅಬ್ಬಾ! ಯಾವ ಸಂಭಾಷಣೆಕಾರ ಬರೆದಾನು ಇಂಥ ಮಾತು? ಇಂಥ ಅಪ್ಪನ ಎತ್ತು ಕೊಟ್ಟಿಗೆಯಲ್ಲೇ ಉಳಿಯಬೇಕು ಅಂತ ಅಲ್ಲೇ ನಿಶ್ಚಯ ಮಾಡಿ ಪೆನ್ಸಿಲ್ ತೆಗೆದೆ. ಪಟ್ಟಿಯಲ್ಲಿ ಏನೇನಿತ್ತು? ಗೋಡೆಗೆ ಅಂಟಿಸುವ ಬಣ್ಣಬಣ್ಣದ ಸ್ಪಂಜು: ಹೊಡೆದು ಹಾಕಿದೆ. ಮಿಣಿಮಿಣಿ ದೀಪ: ಹೊಡೆದು ಹಾಕಿದೆ. ಎರಡು ದೊಡ್ಡ ಸ್ಪೀಕರು: ಸದ್ಯಕ್ಕೆ ಬೇಡ, ಸಣ್ಣ ಕೋಣೆಯಲ್ಲಿ ಅವು ಸುಳ್ಳು ಹೇಳ್ತವೆ. ಉದ್ದದ ಕೀಬೋರ್ಡು: ಪೇಟಿ ಬಲ್ಲವನಿಗೆ ಎರಡು ಸಪ್ತಕದ ಸಣ್ಣದು ಸಾಕು, ಅದೂ ಆಮೇಲೆ. ಹೊಚ್ಚ ಹೊಸ ಕಂಪ್ಯೂಟರು: ಸೆಕೆಂಡ್ ಹ್ಯಾಂಡ್ ನಡೀತದೆ. ಕೊನೆಗೆ ಮೊತ್ತ ಮೂರರಲ್ಲಿ ಒಂದು ಪಾಲಿಗೆ ಇಳಿಯಿತು. ಅದನ್ನೂ ಒಮ್ಮೆಗೇ ಕೊಳ್ಳಬೇಕಾಗಿಲ್ಲ, ಕಡ್ಲಿ ಮಾರಿದಾಗ ಒಂದಿಷ್ಟು, ಶೇಂಗಾ ಮಾರಿದಾಗ ಒಂದಿಷ್ಟು.

ನಿರ್ಮಾಪಕರು ಬಜೆಟ್ ಹಾಕ್ತಾರಲ್ಲ, ಹಾಗೆ ನಿಮಗೂ ಒಂದು ಲೆಕ್ಕ ಕೊಡ್ತೀನಿ. ನಿಮ್ಮ ಹತ್ತಿರ ಇರೋ ಪ್ರತಿ 100 ರೂಪಾಯಿಯಲ್ಲಿ 45 ಕಂಪ್ಯೂಟರಿಗೆ, 15 ಆಡಿಯೋ ಇಂಟರ್‌ಫೇಸಿಗೆ, 15 ಮೈಕಿಗೆ, 10 ಹೆಡ್‌ಫೋನಿಗೆ. ಉಳಿದ 15 ವೈರು, ಸ್ಟ್ಯಾಂಡು, ಯು.ಪಿ.ಎಸ್. ಮತ್ತು ಹಾಡು ಜೋಪಾನ ಮಾಡೋ ಹಾರ್ಡ್ ಡಿಸ್ಕಿಗೆ. ಕಂಪ್ಯೂಟರು ಈಗಾಗಲೇ ಮನೆಯಲ್ಲಿದ್ದರೆ ಅರ್ಧ ಗೆದ್ದಿರಿ! ಅದೂ ಇಲ್ಲವೇ? ಮೊಬೈಲಿನಲ್ಲಿ ಬ್ಯಾಂಡ್‌ಲ್ಯಾಬ್‌ನಂಥ ಆಪ್ ಹಾಕಿಕೊಂಡು ಆರು ತಿಂಗಳು ಕೈ ಪಳಗಿಸಿ. ಆರು ತಿಂಗಳಾದ ಮೇಲೂ ಹುಚ್ಚು ಇಳಿಯಲಿಲ್ಲ ಅಂದ್ರೆ ಆಗ ರೊಕ್ಕ ಬಿಚ್ಚಿ.

“ಮನೆಯ ಕೋಣೆಯಲ್ಲಿ ಮಾಡಿದ್ದು ಹಾಡಾ?” ಅಂತ ಮೂಗು ಮುರಿಯೋರಿಗೆ ಎರಡೇ ಹೆಸರು ಹೇಳಿ. ಒಂದು, ಎ.ಆರ್. ರೆಹಮಾನ್. ಮದ್ರಾಸಿನ ತಮ್ಮ ಮನೆಯ ಹಿತ್ತಲಲ್ಲೇ ಪಂಚತನ್ ಅನ್ನೋ ಸ್ಟುಡಿಯೋ ಕಟ್ಟಿಕೊಂಡರು. 1992ರ ‘ರೋಜಾ’ ಬಂದು ಚೊಚ್ಚಲ ಚಿತ್ರಕ್ಕೇ ರಾಷ್ಟ್ರಪ್ರಶಸ್ತಿ ಹೊತ್ತುಕೊಂಡರು. ಇನ್ನೊಂದು, ಅಮೆರಿಕದ ಬಿಲ್ಲಿ ಐಲಿಶ್. ಲಾಸ್ ಏಂಜಲೀಸಿನ ಮನೆಯಲ್ಲಿ, ಅಣ್ಣ ಫಿನಿಯಸ್‌ನ ಮಲಗೋ ಕೋಣೆಯಲ್ಲಿ ಅಣ್ಣ-ತಂಗಿ ಸೇರಿ ಮಾಡಿದ ಆಲ್ಬಮ್ಮಿಗೆ 2020ರಲ್ಲಿ ಗ್ರಾಮಿ ಬಂತು. ಏನಂತೀರಿ ಈಗ?

* * *

ಇನ್ನು ಕೊಪ್ಪಳದವರ ಪ್ರಶ್ನೆ. “ಯಾವ ಕಂಪ್ಯೂಟರ್ ತಗೋಬೇಕ್ರಿ? ಅದರಾಗ ಹಾಡು ಹೆಂಗ ಹೋಗತೈತ್ರಿ?”

ಎರಡನೆಯ ಪ್ರಶ್ನೆ ಬಲು ಚಂದ, ಅದಕ್ಕೇ ಮೊದಲು ಉತ್ತರ. ಸಿನಿಮಾದ ರೀಲು ನೋಡಿದ್ದೀರಲ್ಲ? ಸೆಕೆಂಡಿಗೆ 24 ಚಿತ್ರ ಓಡಿಸಿದರೆ ಸಾಕು, ಕಣ್ಣು ಮೋಸ ಹೋಗಿ “ಹೀರೋ ಓಡ್ತಿದ್ದಾನೆ” ಅಂತ ನಂಬಿಬಿಡ್ತದೆ. ಕಿವಿ ಅಷ್ಟು ದಡ್ಡ ಅಲ್ಲ! ಕಂಪ್ಯೂಟರು ನಿಮ್ಮ ದನಿಯನ್ನು ಸೆಕೆಂಡಿಗೆ 48,000 ಸಲ ಅಳೆದು ಅಂಕಿ ಬರೆದುಕೊಳ್ತದೆ. ಸಿ.ಡಿ.ಗೆ 44,100 ಸಲ, ಸಿನಿಮಾ ಮತ್ತು ವಿಡಿಯೋ ಕೆಲಸಕ್ಕೆ 48,000 ಸಲ. ಯಾಕೆ ಇಷ್ಟು? ಮನುಷ್ಯನ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನದವರೆಗೆ ಕೇಳ್ತದೆ. ಅದನ್ನು ಹಿಡಿಯಬೇಕಾದರೆ ಅದರ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೀಬೇಕು. ಹೀಗೆ ಅಳೆಯೋ ಪೆಟ್ಟಿಗೆಯೇ ಆಡಿಯೋ ಇಂಟರ್‌ಫೇಸು. ಒಂದು ಕಡೆ ಮೈಕಿನ ವೈರು, ಇನ್ನೊಂದು ಕಡೆ ಕಂಪ್ಯೂಟರಿಗೆ ಹೋಗೋ ಯು.ಎಸ್.ಬಿ. ವೈರು. ಕಂಪ್ಯೂಟರಿನ ಬೆನ್ನಲ್ಲಿರೋ ಸಣ್ಣ ಗುಲಾಬಿ ತೂತಿಗೆ ಮೈಕ್ ಚುಚ್ಚಿದರೆ ದನಿಗಿಂತ ‘ಸುಯ್’ ಅನ್ನೋ ಸದ್ದೇ ಜಾಸ್ತಿ. ಅದು ಬೇಡ.

ಕಂಪ್ಯೂಟರು? ರ‍್ಯಾಮ್ 8 ಜಿ.ಬಿ. ಕನಿಷ್ಠ, 16 ಇದ್ದರೆ ನೆಮ್ಮದಿ. ಹಳೇ ತಿರುಗೋ ಹಾರ್ಡ್ ಡಿಸ್ಕು ಬೇಡ, ಎಸ್.ಎಸ್.ಡಿ. ಇರಲಿ: ವೇಗವೂ ಹೌದು, ಗರಗರ ಸದ್ದೂ ಇಲ್ಲ. ಜಾಗ ಎಷ್ಟು ಬೇಕು? ಸೆಕೆಂಡಿಗೆ 48,000 ಅಳತೆ, 24 ಬಿಟ್‌ನಲ್ಲಿ ಒಂದೊಂದು ಅಳತೆಗೆ 3 ಬೈಟ್. ನಿಮಿಷಕ್ಕೆ ಸುಮಾರು 8.6 ಎಂ.ಬಿ. ಆಯ್ತು. ಐದು ನಿಮಿಷದ ಹಾಡು, ದನಿ, ಪೇಟಿ, ತಬಲಾ, ತಾಳ, ಕೋರಸ್ಸು ಅಂತ ಹತ್ತು ಟ್ರ್ಯಾಕು ಇದ್ದರೆ 430 ಎಂ.ಬಿ. ಚಿಲ್ಲರೆ. ಭಾರೀ ಏನಲ್ಲ.

ಈ ಕಥೆಯಲ್ಲಿ ಒಬ್ಬ ಖಳನಾಯಕ ಇದ್ದಾನೆ, ಹುಷಾರು! ಹೆಸರು ಲೇಟೆನ್ಸಿ. ನೀವು ಹಾಡ್ತೀರಿ, ಹೆಡ್‌ಫೋನಿನಲ್ಲಿ ನಿಮ್ಮ ದನಿ ತಡವಾಗಿ ಬರ್ತದೆ. ಡಬ್ಬಿಂಗ್ ತುಟಿಗೆ ಕೂಡದ ಸಿನಿಮಾ ನೋಡಿದ ಹಾಗೆ! ಇಂಟರ್‌ಫೇಸಿನ ಜೊತೆ ಬರೋ ಏಸಿಯೋ ಡ್ರೈವರ್ ಹಾಕಿ, ಸೆಟ್ಟಿಂಗಿನಲ್ಲಿ ಬಫರ್ ಅನ್ನೋದನ್ನು ನೋಡಿ. ಹಾಡುವಾಗ 256 ಇಡಿ. 256ನ್ನು 48,000ದಿಂದ ಭಾಗಿಸಿದರೆ ಒಂದು ಸೆಕೆಂಡಿನ ಸಾವಿರದಲ್ಲಿ 5 ಭಾಗ ಚಿಲ್ಲರೆ. ಪೇಟಿಯವನು ನಿಮ್ಮಿಂದ ಆರು ಅಡಿ ದೂರ ಕೂತಿದ್ದರೆ ಅವನ ಸ್ವರ ನಿಮ್ಮ ಕಿವಿಗೆ ಬರೋದಕ್ಕೂ ಅಷ್ಟೇ ಹೊತ್ತು ಹಿಡೀತದೆ. ಭಜನೆಯಲ್ಲಿ ಅದು ನಿಮಗೆ ಗೊತ್ತೇ ಆಗೋದಿಲ್ಲ. ಬಫರು 1024 ಇಟ್ಟಿರೋ, ಪೇಟಿಯವನನ್ನು 24 ಅಡಿ ದೂರ ಎಬ್ಬಿಸಿ ಕೂರಿಸಿದ ಹಾಗೆ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಈ ತಡ ಕೂಡಿಕೊಳ್ತದೆ. ತಾಳ ತಪ್ಪದೆ ಇನ್ನೇನು? ಹಾಡಿ ಮುಗಿಸಿ ಮಿಕ್ಸಿಂಗಿಗೆ ಕೂತಾಗ 1024 ಮಾಡಿಕೊಳ್ಳಿ, ಕಂಪ್ಯೂಟರಿಗೂ ಉಸಿರಾಡೋಕೆ ಬಿಡುವು ಸಿಗ್ತದೆ.

* * *

ಕುಷ್ಟಗಿಯವರ ದೂರು ಬೇರೆ. “ಸರ, ಮೈಕ್ ಚಲೋದೈತ್ರಿ, ಆದ್ರ ಹಾಡಿದ್ದು ಬಾವ್ಯಾಗಿಂದ ಕೇಳಿದಂಗ ಆಗತೈತ್ರಿ!”

ಆಗದೆ ಏನ್ರೀ? ಸಿಮೆಂಟಿನ ಗೋಡೆ, ಫರಸಿ ನೆಲ, ಮೇಲೆ ಆರ್.ಸಿ.ಸಿ. ಛಾವಣಿ. ದನಿ ಹೋಗಿ ಬಡಿದು ಬಡಿದು ತಿರುಗಿ ಮೈಕಿಗೇ ಬರ್ತದೆ. ಲಕ್ಷ ರೂಪಾಯಿಯ ಮೈಕು ತಂದರೂ ಅದು ಬಾವಿಯನ್ನೇ ಇನ್ನೂ ಚೆನ್ನಾಗಿ ಹಿಡಿದೀತು, ಅಷ್ಟೆ! ಮದ್ದು ನಿಮ್ಮ ಮನೆಯಲ್ಲೇ ಇದೆ. ಅಜ್ಜಿ ಹೊಲಿದ ಕೌದಿ! ಹಳೇ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ದಪ್ಪಗೆ ಹೊಲಿದ ಆ ಕೌದಿಯನ್ನು ಹಾಡುವವನ ಬೆನ್ನ ಹಿಂದೆ ಒಂದು, ಎರಡು ಬದಿಗೆ ಒಂದೊಂದು ಹಗ್ಗಕ್ಕೆ ತೂಗುಹಾಕಿ. ಗೋಡೆಗೆ ಅಂಟಿಸಬೇಡಿ, ನಾಲ್ಕು ಬೆರಳು ಬಿಟ್ಟು ಕಟ್ಟಿ. ಮೂಲೆಗಳಲ್ಲಿ ಅರಳೆಯ ಗಾದಿ ಸುತ್ತಿ ನಿಲ್ಲಿಸಿ. ನೆಲಕ್ಕೆ ಜಮಖಾನೆ. ಈಗ ಚಪ್ಪಾಳೆ ತಟ್ಟಿ ನೋಡಿ. ‘ಟಣ್’ ಅಂತ ಬರ್ತಿದ್ದದ್ದು ‘ಟಪ್’ ಅಂತ ಅಲ್ಲೇ ನಿಂತರೆ ನಿಮ್ಮ ಸ್ಟುಡಿಯೋ ತಯಾರು!

ಆದರೆ ಒಂದು ಮಾತು. ಕೌದಿ ಒಳಗಿನ ಪ್ರತಿಧ್ವನಿಯನ್ನು ನುಂಗ್ತದೆಯೇ ಹೊರತು ಹೊರಗಿನ ಸದ್ದನ್ನು ತಡೆಯೋದಿಲ್ಲ. ಕುಷ್ಟಗಿಯ ಮಗ್ಗುಲಲ್ಲೇ ಸೊಲ್ಲಾಪುರ-ಚಿತ್ರದುರ್ಗದ ಹೆದ್ದಾರಿ. ಲಾರಿಗಳು ನಿಮ್ಮ ಪಲ್ಲವಿಗೆ ಕಾಯ್ತಾ ನಿಲ್ಲೋದಿಲ್ಲ! ಹೊತ್ತು ನೋಡಿ ಹಾಡಬೇಕು. ಊರು ಮಲಗಿದ ಮೇಲೆ, ಇಲ್ಲವೇ ಕೋಳಿ ಕೂಗೋದಕ್ಕೆ ಮುಂಚೆ. ಫ್ಯಾನು ಆರಿಸಬೇಕು. ನಮ್ಮ ಕಡೆಯ ಬೇಸಿಗೆಯಲ್ಲಿ ಫ್ಯಾನು ಆರಿಸಿ ಹಾಡೋದು ಅಂದ್ರೆ ತಪಸ್ಸು, ಒಪ್ಪಿದೆ. ಎರಡು ಟೇಕಿಗೊಮ್ಮೆ ಹೊರಗೆ ಬಂದು ನೀರು ಕುಡಿದು ಹೋಗಿ.

ಮೈಕಿನಲ್ಲಿ ಎರಡು ಜಾತಿ. ಡೈನಾಮಿಕ್ ಮೈಕು ಹತ್ತಿರದ್ದನ್ನು ಹಿಡೀತದೆ, ದೂರದ ಸದ್ದಿನ ಗೊಡವೆಗೆ ಹೆಚ್ಚು ಹೋಗೋದಿಲ್ಲ. ಆರ್ಕೆಸ್ಟ್ರಾ ಸ್ಟೇಜಿನಲ್ಲಿ ಗಾಯಕರ ಕೈಯಲ್ಲಿ ಇರುತ್ತಲ್ಲ, ಅದು. ಕಂಡೆನ್ಸರ್ ಮೈಕು ಬಲು ಸೂಕ್ಷ್ಮ, ಉಸಿರನ್ನೂ ಹಿಡೀತದೆ, ಪಕ್ಕದ ಮನೆಯ ಕುಕ್ಕರಿನ ಸೀಟಿಯನ್ನೂ ಹಿಡೀತದೆ! ಅದಕ್ಕೆ ಇಂಟರ್‌ಫೇಸಿನಲ್ಲಿ 48 ವೋಲ್ಟಿನ ಗುಂಡಿ ಒತ್ತಬೇಕು. ಗದ್ದಲದ ಬೀದಿಯಲ್ಲಿ ಮನೆ ಇದ್ದೋರು ಡೈನಾಮಿಕ್ ಕೊಳ್ಳಿ, ಊರಾಚೆ ಶಾಂತವಾಗಿದ್ದರೆ ಕಂಡೆನ್ಸರ್. ಬಾಯಿಗೂ ಮೈಕಿಗೂ ಒಂದು ಗೇಣು ಅಂತರ. ‘ಪ’, ‘ಫ’ ಅಂದಾಗ ಗಾಳಿ ಬಡಿಯದ ಹಾಗೆ ಕಸೂತಿ ಹಾಕೋ ಬಳೆಗೆ ತೆಳು ಬಟ್ಟೆ ಬಿಗಿದು ನಡುವೆ ನಿಲ್ಲಿಸಿ, ಪುಗಸಟ್ಟೆ ಪಾಪ್ ಫಿಲ್ಟರ್! ರೆಕಾರ್ಡಿಂಗ್ ಮಟ್ಟ ಕೆಂಪು ಮುಟ್ಟಬಾರದು. ನೀವು ಎತ್ತರಿಸಿ ಹಾಡಿದಾಗಲೂ ಮುಳ್ಳು ಮೈನಸ್ 12ರಿಂದ ಮೈನಸ್ 6ರ ನಡುವೆ ಆಡಲಿ. ಸೊನ್ನೆ ದಾಟಿ ಒಡೆದ ದನಿಯನ್ನು ಹೊಲಿಯೋ ದರ್ಜಿ ಇನ್ನೂ ಹುಟ್ಟಿಲ್ಲ.

* * *

ಕೊನೆಗೆ ಗಂಗಾವತಿ. ಅಲ್ಲಿನ ಹುಡುಗರು ಚುರುಕು. “ಅಣ್ಣಾ, ಕ್ಯೂಬೇಸ್ ಒಳ್ಳೇದಾ, ಎಫ್.ಎಲ್. ಸ್ಟುಡಿಯೋ ಒಳ್ಳೇದಾ? ಪೆನ್ ಡ್ರೈವಿನ್ಯಾಗ ಫ್ರೀ ಸಿಗತೈತಲ್ಲ!”

ತಮ್ಮಂದಿರಾ, ಆ ‘ಫ್ರೀ’ ಇದೆಯಲ್ಲ, ಅದು ಸಿನಿಮಾದಲ್ಲಿ ನಗುನಗುತ್ತಾ ಬರೋ ದೂರದ ಮಾವ ಇದ್ದ ಹಾಗೆ. ಕೊನೆಯ ರೀಲಿನಲ್ಲಿ ಗೊತ್ತಾಗ್ತದೆ ಯಾರು ಅಂತ! ಬೀಗ ಒಡೆದ ಸಾಫ್ಟ್‌ವೇರಿನ ಜೊತೆ ವೈರಸ್ಸು ಒಳಗೆ ಬಂದು ಒಂದು ಬೆಳಿಗ್ಗೆ ನಿಮ್ಮ ಹಾಡಿನ ಫೈಲುಗಳಿಗೆಲ್ಲ ಬೀಗ ಬಿದ್ದಿರ್ತದೆ. ಕದ್ದ ಯಂತ್ರದಲ್ಲಿ ಕಟ್ಟಿದ ಹಾಡನ್ನು ಇನ್ನೊಬ್ಬ ಕದ್ದರೆ ಯಾವ ಮುಖ ಇಟ್ಟುಕೊಂಡು ಕೇಳ್ತೀರಿ?

ನ್ಯಾಯವಾದ ದಾರಿ ಬೇಕಾದಷ್ಟಿವೆ. ಬರೀ ದನಿ ಹಿಡಿಯೋಕೆ, ಕತ್ತರಿಸೋಕೆ ಆಡಾಸಿಟಿ ಪೂರ್ತಿ ಉಚಿತ, 2000ದಿಂದ ಇದೆ. ಹಾಡನ್ನೇ ಕಟ್ಟೋಕೆ ರೀಪರ್. ಹಳೇ ಕಂಪ್ಯೂಟರುಗಳಲ್ಲಿ ಹಾಡು ಕೇಳ್ತಿದ್ದ ವಿನ್ಆ್ಯಂಪ್ ನೆನಪಿದೆಯಾ? ಅದನ್ನು ಮಾಡಿದ ಜಸ್ಟಿನ್ ಫ್ರಾಂಕೆಲ್ ಅವರೇ ರೀಪರನ್ನೂ ಮಾಡಿದ್ದು. 60 ದಿನ ಯಾವ ಅಡ್ಡಿಯೂ ಇಲ್ಲದೆ ಬಳಸಿ ನೋಡಬಹುದು. ಆಮೇಲೆ ಸಣ್ಣ ಕಲಾವಿದರಿಗೆ 60 ಡಾಲರಿನ ಲೈಸೆನ್ಸು. ಹಳೇ ಕಂಪ್ಯೂಟರಿನಲ್ಲೂ ಗೊಣಗದೆ ಓಡ್ತದೆ. ಬೀಟು, ಡಿ.ಜೆ. ಹಾಡು ಮಾಡೋರಿಗೆ ಬೆಲ್ಜಿಯಮ್ಮಿನ ಎಫ್.ಎಲ್. ಸ್ಟುಡಿಯೋ ಇಷ್ಟ. ಒಮ್ಮೆ ಕೊಂಡರೆ ಮುಂದಿನ ಹೊಸ ಆವೃತ್ತಿಗಳೂ ಉಚಿತ. ಸಿನಿಮಾ ಮಂದಿ ಕ್ಯೂಬೇಸ್, ಪ್ರೋ ಟೂಲ್ಸ್, ಲಾಜಿಕ್ ಅಂತಾರೆ. ಯಾವುದಾದರೂ ಸರಿ, ಒಂದನ್ನು ಹಿಡಿದು ಒಂದು ವರ್ಷ ಬಿಡಬೇಡಿ. ನಾಲ್ಕು ಗುರುಗಳ ಹತ್ತಿರ ನಾಲ್ಕು ನಾಲ್ಕು ದಿನ ಕಲಿತವನು ಗವಾಯಿ ಆಗೋದಿಲ್ಲ.

ಕೀಬೋರ್ಡಿನ ತಂತಿಯಲ್ಲಿ ಕಂಪ್ಯೂಟರಿಗೆ ಹೋಗೋದು ಮಿಡಿ. ಇದು 1983ರಲ್ಲಿ ಬಂತು. ಜಪಾನಿನ ಇಕುಟಾರೊ ಕಕೆಹಾಶಿ, ಅಮೆರಿಕದ ಡೇವ್ ಸ್ಮಿತ್ ಇದರ ಮುಖ್ಯ ರೂವಾರಿಗಳು. ಇದರಲ್ಲಿ ನಾದ ಇರೋದಿಲ್ಲ, ಬರೀ ಲಿಪಿ: ಯಾವ ಸ್ವರ, ಎಷ್ಟು ಬಲ, ಎಷ್ಟು ಹೊತ್ತು. ಅದೇ ಲಿಪಿಯನ್ನು ನೀವು ಕೊಳಲಿಗೆ ಕೊಟ್ಟರೆ ಕೊಳಲು, ಪಿಟೀಲಿಗೆ ಕೊಟ್ಟರೆ ಪಿಟೀಲು. ಒಬ್ಬ ಹುಡುಗ, ಐವತ್ತು ವಾದ್ಯದ ಮ್ಯಾಳ!

ಇಲ್ಲೇ ಇನ್ನೊಂದು ಎಚ್ಚರಿಕೆ. ಸ್ವರ ತಪ್ಪಿದರೆ ತಿದ್ದೋ ಆಟೋ-ಟ್ಯೂನ್ ಅನ್ನೋದು ಇದೆ. 1997ರಲ್ಲಿ ಇದನ್ನು ತಂದ ಆ್ಯಂಡಿ ಹಿಲ್ಡೆಬ್ರಾಂಡ್ ಮೊದಲು ಮಾಡ್ತಿದ್ದ ಕೆಲಸ ಏನು ಗೊತ್ತೇ? ನೆಲದೊಳಗೆ ಸದ್ದು ಕಳಿಸಿ ಎಣ್ಣೆ ಎಲ್ಲಿದೆ ಅಂತ ಹುಡುಕೋ ಲೆಕ್ಕ! ಅದೇ ಲೆಕ್ಕದಿಂದ ಗಂಟಲಿನ ಸ್ವರವನ್ನೂ ಹುಡುಕಿದರು. ಅಲ್ಲೊಂದು ಇಲ್ಲೊಂದು ಸ್ವರ ನೇರ ಮಾಡೋಕೆ ಅದು ಒಳ್ಳೇದೇ. ಆದರೆ ಪೂರ್ತಿ ಬಿಗಿದರೆ ಮೀಂಡು, ಕಂಪನ, ನಮ್ಮ ಕಡೆಯ ಗಂಟಲಿನ ಆ ಒರಟು ಸೊಗಸು ಎಲ್ಲಾ ಹೋಗ್ತದೆ. ಗಂಗಾವತಿಯವರಿಗೆ ಅಕ್ಕಿ ಮಿಲ್ಲಿನ ವಿಷಯ ನಾನು ಹೇಳಬೇಕೆ? ಪಾಲಿಶ್ ಹೆಚ್ಚಿದಷ್ಟೂ ಅಕ್ಕಿ ಬೆಳ್ಳಗಾಗ್ತದೆ, ಸತ್ವವೆಲ್ಲ ತೌಡಿನ ಜೊತೆ ಹೋಗ್ತದೆ! ನಿಮ್ಮ ಊರಿನ ಪ್ರಾಣೇಶರನ್ನೇ ನೋಡಿ. ಒಂದು ಮೈಕು, ಒಂದು ಗಂಟಲು, ಗಂಗಾವತಿಯ ಮಾತು. ಇಷ್ಟರಲ್ಲೇ ಸಾವಿರಾರು ಜನರನ್ನು ಹೊಟ್ಟೆ ಹಿಡಿದು ನಗಿಸ್ತಾರೆ. ಅವರ ಮಾತಿನ ಧಾಟಿಯನ್ನು ಯಾರಾದರೂ ‘ತಿದ್ದಿದರೆ’ ನಗು ಬಂದೀತೆ?

* * *

ಈಗ ಮುಖ್ಯ ಮಾತಿಗೆ ಬರ್ತೀನಿ. ಯಂತ್ರ ಬಂತು, ಕೋಣೆ ಆಯ್ತು. ಏನು ರೆಕಾರ್ಡ್ ಮಾಡ್ತೀರಿ? ಹೆಚ್ಚಿನವರು ಮಾಡೋದು ಒಂದೇ: ಹಳೇ ಸಿನಿಮಾ ಟ್ಯೂನು, ಅದಕ್ಕೆ ಹೊಸ ಮಾತು, ಅಂಗಡಿಯಲ್ಲಿ ಸಿಗೋ ಅದೇ ಬೀಟು. ಬಳ್ಳಾರಿಯವನದ್ದೂ ಹಾಗೇ, ಬೀದರಿನವನದ್ದೂ ಹಾಗೇ. ಹಾಗಾದರೆ ನಿಮ್ಮದೇನು?

ಆ ಯಲಬುರ್ಗಾದ ಅಪ್ಪನನ್ನು ಪಟ್ಟಿ ಹರಿದ ಮೇಲೆ ಮಾತಿಗೆ ಎಳೆದೆ. ಆತನಿಗೆ ಹಂತಿ ಪದ ಬರ್ತದೆ! ರಾಶಿಯ ಕಾಲದಲ್ಲಿ ಕಣದ ನಡುವೆ ಮೇಟಿ ನೆಟ್ಟು, ಎತ್ತುಗಳನ್ನು ಸಾಲಾಗಿ ಕಟ್ಟಿ, ಜೋಳದ ತೆನೆಯ ಮೇಲೆ ಸುತ್ತು ಹೊಡೆಸುವಾಗ ರಾತ್ರಿಯಿಡೀ ಹಾಡೋ ಪದ. ಎತ್ತಿನ ಹೆಜ್ಜೆಯೇ ಅದರ ತಾಳ. ರಾಶಿ ಮಷೀನು ಬಂದ ಮೇಲೆ ಹಂತಿ ನಿಂತಿತು, ಹಂತಿ ನಿಂತ ಮೇಲೆ ಪದ ಕೇಳೋರಿಲ್ಲ. “ಯಾರ್ ಕೇಳ್ತಾರ್ರೀ ಈಗ” ಅಂತ ಆತ ನಕ್ಕ. ಹುಡುಗನಿಗೆ ತನ್ನ ಅಪ್ಪನಿಗೆ ಎಷ್ಟು ಪದ ಬರ್ತದೆ ಅನ್ನೋದೇ ಗೊತ್ತಿರಲಿಲ್ಲ! ನಾನು ಹುಡುಗನಿಗೆ ಹೇಳಿದ್ದು ಇಷ್ಟೇ: “ತಮ್ಮಾ, ಎತ್ತು ಮಾರಿ ಯಂತ್ರ ತರೋಕೆ ಹೊರಟಿದ್ದಿ. ಎತ್ತಿನ ಹಾಡು ಮನ್ಯಾಗ ಐತಿ. ಮೊದಲ ಅದನ್ನ ಹಿಡಿ.”

ಇದು ಆ ಒಂದು ಮನೆಯ ಕಥೆ ಅಂದುಕೊಳ್ಳಬೇಡಿ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ತೊಗಲು ಗೊಂಬೆ ಆಡಿಸುತ್ತ, ರಾಮಾಯಣ ಮಹಾಭಾರತ ಹಾಡುತ್ತ ಬಾಳಿದವರು. ತೊಂಬತ್ತು ದಾಟಿದ ಮೇಲೆ, 2025ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಪದ್ಮಶ್ರೀ ಬರೋ ತನಕ ಎಷ್ಟು ಜನ ಮೈಕ್ ಹಿಡಿದು ಅಂಥವರ ಮನೆಗೆ ಹೋಗ್ತಾರೆ ಅಂತ ಎದೆ ಮುಟ್ಟಿಕೊಂಡು ಹೇಳಿ. ಮೊಹರಮ್ಮಿನ ರಿವಾಯತ್ ಪದದವರು, ಬೀಸುವ ಪದದ ಅಜ್ಜಿಯರು, ಬಯಲಾಟದ ಭಾಗವತರು ನಿಮ್ಮ ಓಣಿಯಲ್ಲೇ ಇದ್ದಾರೆ. ಅವರ ಗಂಟಲು ಯಾವ ಸಾಫ್ಟ್‌ವೇರಿನ ಪಟ್ಟಿಯಲ್ಲೂ ಸಿಗೋದಿಲ್ಲ.

ಹಿಡಿಯೋ ರೀತಿ ಹೇಳ್ತೀನಿ. ಅವರನ್ನು ನಿಮ್ಮ ಕೋಣೆಗೆ ಕರೆತಂದು ಕಿವಿಗೆ ಹೆಡ್‌ಫೋನ್ ಹಾಕಿ ‘ಟಿಕ್ ಟಿಕ್’ ಕ್ಲಿಕ್ ಕೇಳಿಸಬೇಡಿ, ಪದ ಬೆದರಿ ಓಡಿಹೋಗ್ತದೆ. ಲ್ಯಾಪ್‌ಟಾಪು, ಮೈಕು ಹಿಡಿದು ನೀವೇ ಅವರ ಪಡಸಾಲೆಗೆ ಹೋಗಿ. ಅವರ ಲಯದಲ್ಲೇ ಹಾಡಲಿ. ಚೌಡಕಿಯೋ ಹಲಗಿಯೋ ಇದ್ದರೆ ಅದಕ್ಕೆ ಇನ್ನೊಂದು ಮೈಕು. ಬೀಟು ಬೇಕಾದರೆ ಆಮೇಲೆ ಅವರ ಲಯಕ್ಕೆ ಕಂಪ್ಯೂಟರನ್ನು ಹೊಂದಿಸಿ, ಅದು ಯಂತ್ರ, ಹೇಳಿದ ಹಾಗೆ ಕೇಳ್ತದೆ. ಹಾಡು ಮುಗಿದ ಮೇಲೆ ಹಾಡಿದವರ ಹೆಸರು, ಊರು, ತಾರೀಖು ಅದೇ ಫೈಲಿನಲ್ಲಿ ಅವರ ಬಾಯಿಂದಲೇ ಹೇಳಿಸಿ. ನಾಲ್ಕು ಕಾಸು ಬಂದರೆ ಅವರ ಪಾಲು ಅವರಿಗೆ ಮುಟ್ಟಿಸಿ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಎಷ್ಟೋ ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಅನ್ನವಿಕ್ಕಿ ಹಾಡು ಕೊಟ್ಟ ಸೀಮೆಯ ಮಗ್ಗುಲಲ್ಲಿದ್ದೇವೆ. ಹಾಡಿದವನ ಹೊಟ್ಟೆ ಮರೆಯೋದು ನಮಗೆ ಶೋಭೆ ಅಲ್ಲ.

ನಿಮ್ಮ ಪಾಲನ್ನೂ ಬಿಡಬೇಡಿ ಮತ್ತೆ! 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಬಂತು. ಕವಿ ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ಇದಕ್ಕಾಗಿ ಮಾತಾಡಿದ್ದರು. ಸಿನಿಮಾ ಹಾಡು ಥಿಯೇಟರಿನ ಆಚೆ ಎಲ್ಲೆಲ್ಲಿ ದುಡೀತದೋ ಅಲ್ಲೆಲ್ಲ ಬರೆದವರಿಗೂ ಸಂಗೀತ ಕೊಟ್ಟವರಿಗೂ ರಾಯಧನದಲ್ಲಿ ಸಮಪಾಲು ಅಂತ ಕಾನೂನೇ ಹೇಳ್ತದೆ. ಯಾರಾದರೂ “ಹಾಡು ಕೊಡು, ಹೆಸರು ಮಾಡ್ತೀನಿ” ಅಂತ ಕಾಗದ ಚಾಚಿದರೆ ಓದದೆ ಸಹಿ ಹಾಕಬೇಡಿ. ಇನ್ನೊಬ್ಬರ ಟ್ಯೂನು ಎತ್ತಿ ಯೂಟ್ಯೂಬಿಗೆ ಹಾಕಿದರೆ ದುಡ್ಡು ಟ್ಯೂನಿನ ಒಡೆಯನ ಜೇಬಿಗೆ ಹೋದೀತು, ಅದನ್ನೂ ನೆನಪಿಡಿ.

* * *

ಕಟ್ಟಕಡೆಯ ಪಾಠ ಕೊಪ್ಪಳದ ಬಂಡೆಗಳದ್ದು. ಎರಡು ಸಾವಿರ ವರ್ಷಕ್ಕೂ ಹಿಂದೆ ಅಶೋಕ ಚಕ್ರವರ್ತಿಯ ಮಾತನ್ನು ಇದೇ ಕೊಪ್ಪಳದಲ್ಲಿ ಕಲ್ಲಿನ ಮೇಲೆ ಕೊರೆದರು. ಒಂದೇ ಕಡೆ ಕೊರೆದು ಸುಮ್ಮನಾಗಲಿಲ್ಲ! ಗವಿಮಠದ ಗುಡ್ಡದಲ್ಲಿ ಒಂದು, ಪಾಲ್ಕಿಗುಂಡಿನಲ್ಲಿ ಇನ್ನೊಂದು. ಇಂದು ಹೋಗಿ ನೋಡಿ. ಪಾಲ್ಕಿಗುಂಡಿನದು ಸವೆದು ಚೂರುಪಾರು ಉಳಿದಿದೆ. ಗವಿಮಠದ್ದು ಇನ್ನೂ ಓದೋ ಹಾಗಿದೆ. ಬ್ಯಾಕಪ್ ಅಂದ್ರೆ ಇದೇ ನೋಡಿ! ಕಲ್ಲೇ ಸವೆಯೋದಾದರೆ ನಿಮ್ಮ ಹಾರ್ಡ್ ಡಿಸ್ಕು ಯಾವ ಲೆಕ್ಕ? ಒಂದು ಪ್ರತಿ ಕಂಪ್ಯೂಟರಿನಲ್ಲಿ, ಇನ್ನೊಂದು ಹೊರಗಿನ ಡಿಸ್ಕಿನಲ್ಲಿ, ಮೂರನೆಯದು ಬೇರೆ ಊರಿನ ನೆಂಟರ ಮನೆಯಲ್ಲೋ ಇಂಟರ್ನೆಟ್ಟಿನಲ್ಲೋ ಇರಲಿ. ರೆಕಾರ್ಡ್ ಆದ ದಿನವೇ ಈ ಕೆಲಸ ಮುಗಿಸಿ ಮಲಗಿ. ಕರೆಂಟು ಹೇಳಿ ಕೇಳಿ ಹೋಗೋದಿಲ್ಲ, ವಯಸ್ಸಾದ ಗಂಟಲೂ ಅಷ್ಟೇ.

ಪುಟ ತುಂಬಿತು, ಸಂಪಾದಕರು ಕಣ್ಣು ಕೆಂಪಗೆ ಮಾಡ್ತಿದ್ದಾರೆ. ಈ ವಾರದ ಕೆಲಸ ನಿಮಗೆ ಒಂದೇ: ಕೋಣೆಗೆ ಹೋಗಿ ಒಂದು ಚಪ್ಪಾಳೆ ತಟ್ಟಿ. ‘ಟಣ್’ ಅಂದರೆ ಕೌದಿ ಇಳಿಸಿ. ‘ಟಪ್’ ಅಂದರೆ ಓಣಿಯ ಅಜ್ಜಿಯ ಮನೆಗೆ ಹೋಗಿ, “ಯವ್ವಾ, ಒಂದು ಪದ ಹಾಡ್ತಿಯೇನು?” ಅಂತ ಕೇಳಿ.

ಮುಂದಿನ ವಾರ ಮತ್ತೆ ಭೇಟಿ. ಬರಲೇ?